ವಯಸ್ಸು ಹದಿನಾಲ್ಕು, ಅರ್ಜಿಯಲ್ಲಿ ಹದಿನೆಂಟು: ಆ ತಾಯಿ ಸಹಿ ಹಾಕಿದ್ದು ಸರಿಯಾ?

ಯಾರಾ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಊರು ತಿಪಟೂರು ಹತ್ತಿರ, ಈಗ ಇರುವುದು ಮೆಲ್ಬರ್ನಿನ ಹಾಥಾರ್ನ್‌ನಲ್ಲಿ. ಮಗನಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ನಿಮ್ಮ ಬಡಾವಣೆಯಿಂದ ಮೊದಲ ಮಹಾಯುದ್ಧಕ್ಕೆ ಹೋದ ಒಬ್ಬ ಸಿಪಾಯಿಯ ಕಥೆ ಬರೆಯಬೇಕಂತೆ. ಅವನು ಆರಿಸಿಕೊಂಡದ್ದು ಜಿಮ್ ಮಾರ್ಟಿನ್ ಎಂಬ ಹುಡುಗನನ್ನು. ಮೂರು ದಿನದಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಇದೇ ಮಾತು. ನನಗೂ ಮನೆಯವಳಿಗೂ ಒಂದು ವಿಷಯದಲ್ಲಿ ಹೊಂದುತ್ತಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಪೂರ್ತಿ ಹೆಸರು ಜೇಮ್ಸ್ ಚಾರ್ಲ್ಸ್ ಮಾರ್ಟಿನ್. ಹುಟ್ಟಿದ್ದು 1901ರ ಜನವರಿ 3, ನ್ಯೂ ಸೌತ್ ವೇಲ್ಸಿನ ಟೊಕುಮ್ವಾಲ್ ಎಂಬ ಸಣ್ಣ ಊರಲ್ಲಿ. ಆಸ್ಟ್ರೇಲಿಯಾ ಒಂದು ದೇಶ ಅಂತ ಆದದ್ದು ಅದೇ ಜನವರಿ 1ಕ್ಕೆ. ದೇಶಕ್ಕೂ ಹುಡುಗನಿಗೂ ಎರಡೇ ದಿನದ ಅಂತರ. ಅಪ್ಪ ಚಾರ್ಲ್ಸ್, ಅಮ್ಮ ಅಮೀಲಿಯಾ. ಐದು ಹೆಣ್ಣುಮಕ್ಕಳ ನಡುವೆ ಇವನೊಬ್ಬನೇ ಗಂಡು. ಮನೆ ಇದ್ದದ್ದು ಇಲ್ಲೇ ಹಾಥಾರ್ನ್‌ನಲ್ಲಿ. ಶಾಲೆ ಬಿಟ್ಟು ಹೊಲದ ಕೆಲಸಕ್ಕೆ ಹೋಗುತ್ತಿದ್ದ.

ಯುದ್ಧ ಶುರುವಾದ ಮೇಲೆ ಮೊದಲು ಅಪ್ಪನೇ ಸೇನೆಗೆ ಸೇರಲು ಹೋದರು. ತಗೊಳ್ಳಲಿಲ್ಲ. ಆಗ ಮಗ ಎದ್ದು ನಿಂತ, ನಾನು ಹೋಗ್ತೀನಿ ಅಂತ. 21 ತುಂಬದವರಿಗೆ ಹೆತ್ತವರ ಒಪ್ಪಿಗೆ ಪತ್ರ ಬೇಕಿತ್ತು. ಪತ್ರ ಇದ್ದರೂ 18 ಆಗಿರಲೇಬೇಕು. ಇವನಿಗೆ 14 ವರ್ಷ 3 ತಿಂಗಳು. ಅಮ್ಮ ಒಪ್ಪಲಿಲ್ಲ. ಇವನು ಹಾಕಿದ ಪಟ್ಟು ಏನು ಗೊತ್ತಾ? ನೀವು ಸಹಿ ಹಾಕದಿದ್ದರೆ ಬೇರೆ ಹೆಸರಲ್ಲಿ ಸೇರುತ್ತೇನೆ, ಒಂದು ಕಾಗದವನ್ನೂ ಬರೆಯುವುದಿಲ್ಲ.

ಅಮ್ಮ ಮಣಿದಳು. ಒಪ್ಪಿಗೆ ಪತ್ರ ಹೋಯಿತು. 1915ರ ಏಪ್ರಿಲ್ 12ಕ್ಕೆ ವಯಸ್ಸು 18 ಎಂದು ಬರೆಸಿ ಸೇರಿಕೊಂಡ. 21ನೇ ಬೆಟಾಲಿಯನ್, ಕಾಲಾಳು ಪಡೆ. ಅದೇ ವರ್ಷ ಅಕ್ಟೋಬರ್ 25ಕ್ಕೆ ಸತ್ತ, ತುರ್ಕಿಯ ಗಲಿಪೊಲಿ ತೀರದ ಹತ್ತಿರ ಒಂದು ಆಸ್ಪತ್ರೆ ಹಡಗಿನಲ್ಲಿ. ಆಗ ವಯಸ್ಸು 14 ವರ್ಷ 9 ತಿಂಗಳು. ಆ ಯುದ್ಧದಲ್ಲಿ ಸತ್ತ ಆಸ್ಟ್ರೇಲಿಯನ್ ಸಿಪಾಯಿಗಳಲ್ಲಿ ಇವನೇ ಅತಿ ಕಿರಿಯ ಎಂದು ನಂಬಿಕೆ.

ನಾನು ಹೇಳಿದೆ, ಆ ತಾಯಿ ಸಹಿ ಹಾಕಬಾರದಿತ್ತು. ನಮ್ಮವಳು ಹೇಳುತ್ತಾಳೆ, ನಿಮಗೆ ಅರ್ಥ ಆಗಲ್ಲ ಬಿಡಿ. ಮಗನಿಗೆ ಈಗ ಹದಿನಾಲ್ಕು, ಅವನು ಇಬ್ಬರನ್ನೂ ನೋಡಿಕೊಂಡು ಅನ್ನ ಕಲಸುತ್ತಾನೆ. ನೀವೇನಂತೀರಿ?

ಖಾರಾಬೂಂದಿ

ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ ಸಾರ್. ಹದಿನಾಲ್ಕರ ಮಗ ಹಟ ಮಾಡಿದರೆ ನಾವು ಬೈಕ್ ಕೀ ಕೊಡುವುದಿಲ್ಲ. ಇವರು ಬಂದೂಕು ಕೊಡಿಸಿದ್ದಾರೆ. ಹೆತ್ತವರದ್ದೇ ತಪ್ಪು. ಬೇರೆ ಹೆಸರಲ್ಲಿ ಹೋಗ್ತೀನಿ ಅಂದರೆ ಎರಡು ಬಾರಿಸಿ ಕೋಣೆಯಲ್ಲಿ ಕೂರಿಸಬೇಕಿತ್ತು.

ಸುಮ್ನೆ ಓದುಗ

ವಯಸ್ಸು ಯಾರೂ ಪರೀಕ್ಷೆ ಮಾಡಲೇ ಇಲ್ವಾ? ಜನನ ಪ್ರಮಾಣಪತ್ರ ಕೇಳಲಿಲ್ವಾ?

ಹಳೇ ಪೇಪರ್

@ಸುಮ್ನೆ ಓದುಗ, ಕೇಳುತ್ತಿರಲಿಲ್ಲ. ಅರ್ಜಿಯಲ್ಲಿ ವಯಸ್ಸು ಎಷ್ಟು ಎಂಬ ಪ್ರಶ್ನೆ ಇರುತ್ತಿತ್ತು, ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಕೆಳಗೆ ಪ್ರಮಾಣ, ಸಹಿ. ಡಾಕ್ಟರು ಎತ್ತರ, ಎದೆಯ ಸುತ್ತಳತೆ, ಕಣ್ಣು, ಹಲ್ಲು ನೋಡುತ್ತಿದ್ದರು. ನೋಡಲು ದೊಡ್ಡವನ ಹಾಗಿದ್ದರೆ ಮುಗಿಯಿತು.

ನಮ್ಮಲ್ಲಿ ನಗುವವರು ಸ್ವಲ್ಪ ನೆನಪು ಮಾಡಿಕೊಳ್ಳಿ. ನಮ್ಮ ಊರಲ್ಲಿ ಅರ್ಧ ಜನ ಜೂನ್ 1ಕ್ಕೆ ಹುಟ್ಟಿದವರು! ಹೆಡ್‌ಮಾಸ್ಟರು ಮುಖ ನೋಡಿ ಬರೆದದ್ದೇ ಜನ್ಮದಿನ. ನಮ್ಮಪ್ಪ ಈ ಲೆಕ್ಕದಲ್ಲಿ ತಮ್ಮ ಅಕ್ಕನಿಗಿಂತ ನಾಲ್ಕು ತಿಂಗಳು ದೊಡ್ಡವರು.

ಆಸ್ಟ್ರೇಲಿಯಾದಲ್ಲಿ ಇನ್ನೊಂದು ವಿಷಯವೂ ಇತ್ತು. 1911ರಿಂದ ಹುಡುಗರಿಗೆ ಕೆಡೆಟ್ ತರಬೇತಿ ಕಡ್ಡಾಯ. 12ಕ್ಕೆ ಜೂನಿಯರ್, 14ಕ್ಕೆ ಸೀನಿಯರ್. ಕವಾಯತು ಮಾಡಿಸಿ, ಹೆಗಲಿಗೆ ಬಂದೂಕು ಹೊರಿಸಿ ಬೆಳೆಸಿದ ಹುಡುಗರು ಅವರು. ಯುದ್ಧ ಬಂದಾಗ ಮಾತ್ರ ನೀನಿನ್ನೂ ಚಿಕ್ಕವನು ಅಂದರೆ ಕೇಳ್ತಾರಾ? ಆದ್ದರಿಂದ ತಪ್ಪನ್ನು ಪೂರ್ತಿ ಆ ಮನೆಯ ಬಾಗಿಲಿಗೇ ಕಟ್ಟುವುದು ಸರಿ ಕಾಣಲ್ಲ.

ಇವನ ಸೇವಾ ದಾಖಲೆಯೂ ಉಳಿದಿದೆ. ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದವರು ಮೊದಲ ಮಹಾಯುದ್ಧದ ಸಿಪಾಯಿಗಳ ಕಡತಗಳನ್ನು ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಯಾರು ಬೇಕಾದರೂ ಮನೆಯಲ್ಲಿ ಕೂತು ನೋಡಬಹುದು. ಒಂದು ಕಾಸೂ ಇಲ್ಲ.

ಮಡಿಕೇರಿ ಸುಬೇದಾರ್

ನಾನು ಕಾಲಾಳು ಪಡೆಯಲ್ಲಿ 24 ವರ್ಷ ಇದ್ದವನು. ಒಂದು ಮಾತು.

ಅವನು ಸೇರಿದ ದಿನಾಂಕ ನೋಡಿ. ಏಪ್ರಿಲ್ 12. ಗಲಿಪೊಲಿಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪಡೆಗಳು ದಡಕ್ಕಿಳಿದದ್ದು ಏಪ್ರಿಲ್ 25ರ ಬೆಳಗಿನ ಜಾವ. ಇವನು ಸಹಿ ಹಾಕುವಾಗ ಆ ಹೆಸರೇ ಯಾರಿಗೂ ಗೊತ್ತಿರಲಿಲ್ಲ. ಸತ್ತವರ ಪಟ್ಟಿ ಪೇಪರಿನಲ್ಲಿ ಬರಲು ಶುರುವಾದದ್ದು ಆಮೇಲೆ. ಆಗ ಅವರ ಕಣ್ಣಿಗೆ ಕಾಣುತ್ತಿದ್ದದ್ದು ಬ್ಯಾಂಡು, ಯೂನಿಫಾರಂ, ಹಡಗು, ಈಜಿಪ್ಟು. ದಿನಕ್ಕೆ ಆರು ಶಿಲಿಂಗ್ ಸಂಬಳ. ಹೊಲದ ಕೆಲಸದ ಹುಡುಗನಿಗೆ ಅದು ದೊಡ್ಡ ದುಡ್ಡು.

ತಾಯಿ ಸಹಿ ಹಾಕಿದ್ದು ಗಲಿಪೊಲಿಗೆ ಅಲ್ಲ. ಅವಳಿಗೆ ಅದು ಗೊತ್ತಿರಲಿಲ್ಲ. ಇದನ್ನು ಮರೆತು ತೀರ್ಪು ಕೊಡಬೇಡಿ.

ಮೂರು ಮಕ್ಕಳ ತಾಯಿ

@ಖಾರಾಬೂಂದಿ, ಎರಡು ಬಾರಿಸಿ ಕೂರಿಸುವ ಕಾಲದಲ್ಲಿ ನಾನೂ ಬೆಳೆದವಳೇ. ಹಾಗೆ ಕೂರಿಸಿದ ನಮ್ಮ ದೊಡ್ಡಪ್ಪನ ಮಗ ರಾತ್ರೋರಾತ್ರಿ ಬೊಂಬಾಯಿ ರೈಲು ಹತ್ತಿದ. ಏಳು ವರ್ಷ ಎಲ್ಲಿದ್ದಾನೆ ಅಂತಲೇ ತಿಳಿಯಲಿಲ್ಲ. ದೊಡ್ಡಮ್ಮ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ದಿನಾ ಜಗಲಿ ಮೇಲೆ ಕೂರುತ್ತಿದ್ದರು. ಕೈಯಲ್ಲಿ ಮೊರ ಇರುತ್ತಿತ್ತು, ಅಕ್ಕಿ ಇರುತ್ತಿರಲಿಲ್ಲ.

ಅಮೀಲಿಯಾ ಮುಂದೆ ಇದ್ದದ್ದು ‘ಹೋಗು, ಬೇಡ’ ಎಂಬ ಎರಡು ದಾರಿ ಅಲ್ಲ. ಹುಡುಗ ಹೋಗುವುದು ಗಟ್ಟಿ. ಸ್ವಂತ ಹೆಸರಲ್ಲಿ ಹೋಗುತ್ತಾನಾ, ಇನ್ಯಾರದೋ ಹೆಸರಲ್ಲಾ, ಅಷ್ಟೇ ಪ್ರಶ್ನೆ. ಬೇರೆ ಹೆಸರಲ್ಲಿ ಹೋಗಿ ಸತ್ತಿದ್ದರೆ ಮನೆಗೆ ತಂತಿ ಸಹ ಬರುತ್ತಿರಲಿಲ್ಲ. ಸಹಿ ಕೊಟ್ಟು ಅವಳು ಕಾಗದ ಪಡೆದುಕೊಂಡಳು. ನಾನಾಗಿದ್ದರೂ ಹಾಕುತ್ತಿದ್ದೆ ಅನಿಸುತ್ತೆ. ಹಾಕಿ ಜನ್ಮವಿಡೀ ಬೈದುಕೊಳ್ಳುತ್ತಿದ್ದೆ.

ಯಾರಾ ದಂಡೆ

ಮೇಡಂ, ನಿಮ್ಮ ಕಮೆಂಟನ್ನು ಮನೆಯಲ್ಲಿ ಓದಿ ಹೇಳಿದೆ. ‘ನಾನು ಹೇಳಿದ್ದೂ ಇದೇ’ ಅಂತ ಒಂದೇ ಮಾತು ಬಂತು. ಇವತ್ತು ಚಪಾತಿ ಜೊತೆ ನನಗೆ ಪಲ್ಯ ಸ್ವಲ್ಪ ಕಡಿಮೆಯೇ ಬಿತ್ತು.

ಕಾಗದದ ವಿಷಯ ನೀವೇ ಎತ್ತಿದ್ದರಿಂದ ಹೇಳುತ್ತೇನೆ. ಹುಡುಗ ಮಾತು ಉಳಿಸಿಕೊಂಡ. ಬರೆದ. ಆ ಕಾಗದಗಳು ಈಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿವೆ. ಅಕ್ಟೋಬರ್‌ನಲ್ಲಿ ಕಂದಕದಿಂದ ಬರೆದದ್ದರಲ್ಲಿ ತುರ್ಕರು ನಮ್ಮಿಂದ ಸುಮಾರು 70 ಗಜ ದೂರದಲ್ಲಿದ್ದಾರೆ ಎನ್ನುತ್ತಾನೆ. ನನ್ನ ಬಗ್ಗೆ ಚಿಂತೆ ಮಾಡಬೇಡಿ, ಚೆನ್ನಾಗಿದ್ದೇನೆ ಎನ್ನುತ್ತಾನೆ. ಆದರೆ ಮನೆಯಿಂದ ಒಂದು ಕಾಗದವೂ ತನಗೆ ತಲುಪಿಲ್ಲ ಅನ್ನುವುದೇ ಅವನ ದೊಡ್ಡ ಬೇಸರ.

ನೋಡಿ, ಬರೆಯುವುದಿಲ್ಲ ಎಂದು ಹೆದರಿಸಿದವನು ಅವನು. ಕೊನೆಗೆ ಕಾಗದಕ್ಕಾಗಿ ಕಾದು ಕೂತವನೂ ಅವನೇ.

ಸುಮ್ನೆ ಓದುಗ

ಛೇ.

ದಾವಣಗೆರೆ ಡಾಕ್ಟರಮ್ಮ

ಸತ್ತದ್ದು ಹೇಗೆ ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಗುಂಡೇಟು ಅಂದುಕೊಂಡಿರಬಹುದು. ಅಲ್ಲ. ಟೈಫಾಯ್ಡ್. ಆ ಕಾಲದ ಮಿಲಿಟರಿ ಕಡತಗಳಲ್ಲಿ ಎಂಟರಿಕ್ ಫೀವರ್ ಎಂದು ಬರೆಯುತ್ತಿದ್ದರು. ನಮ್ಮ ಹಿರಿಯರು ವಿಷಮಶೀತ ಜ್ವರ ಎನ್ನುತ್ತಿದ್ದರು.

ಗಲಿಪೊಲಿಯ ಆ ದಂಡೆಯನ್ನು ಕಣ್ಣೆದುರು ತಂದುಕೊಳ್ಳಿ. ಕಡಿದಾದ ಗುಡ್ಡ, ಇಕ್ಕಟ್ಟಾದ ಕಣಿವೆ. ಸಾವಿರಾರು ಜನ. ಪಾಯಿಖಾನೆ ಅಂದರೆ ತೋಡಿದ ಗುಂಡಿ. ಎರಡು ಕಡೆಯ ಕಂದಕಗಳ ನಡುವೆ ತಿಂಗಳುಗಟ್ಟಲೆ ಹೂಳದೆ ಬಿದ್ದ ಹೆಣಗಳು. ಬೇಸಿಗೆ. ನೊಣ ಹೇಗಿರಬೇಡ. ಡಬ್ಬಿಯ ಜಾಮ್ ತೆಗೆದರೆ ಬಾಯಿಗೆ ಹೋಗುವ ಮೊದಲು ಕಪ್ಪಾಗುತ್ತಿತ್ತಂತೆ. ತಿನ್ನುವುದಕ್ಕೆ ಉಪ್ಪು ಹಾಕಿದ ದನದ ಮಾಂಸದ ಡಬ್ಬಿ, ಕಲ್ಲಿನಂಥ ಬಿಸ್ಕತ್ತು. ನೀರು ಹಡಗಲ್ಲಿ ಬರಬೇಕು, ಅದೂ ಅಳತೆ. ಕೈ ತೊಳೆಯುವುದೆಲ್ಲಿಂದ ಬಂತು?

ಟೈಫಾಯ್ಡ್‌ಗೆ ಲಸಿಕೆ ಆಗಲೇ ಇತ್ತು, ಸಿಪಾಯಿಗಳಿಗೆ ಹಾಕಿಸುತ್ತಲೂ ಇದ್ದರು. ಆದರೆ ಆ ಲಸಿಕೆ ಪೂರ್ತಿ ಕಾಪಾಡುವಂಥದ್ದಲ್ಲ. ಮೈಗೆ ಸೇರುವ ರೋಗಾಣು ಜಾಸ್ತಿ ಆದರೆ, ಮೈ ಸೊರಗಿದ್ದರೆ, ಕಾಯಿಲೆ ಬರುತ್ತೆ. ಬಂದರೆ ಔಷಧ ಇಲ್ಲ. ಟೈಫಾಯ್ಡ್ ಅನ್ನು ನಿಜವಾಗಿ ಹಿಡಿದು ನಿಲ್ಲಿಸಿದ ಕ್ಲೋರಾಂಫೆನಿಕಾಲ್ ಬಂದದ್ದು 1940ರ ದಶಕದ ಕೊನೆಗೆ. ಅಲ್ಲಿಯ ತನಕ ಶುಶ್ರೂಷೆ, ಗಂಜಿ, ಅದೃಷ್ಟ.

ಈ ಹುಡುಗ ಮಲಗಿ ಆರೈಕೆ ಮಾಡಿಸಿಕೊಳ್ಳುವ ಬದಲು ಕಂದಕದಲ್ಲೇ ಇದ್ದ. ಅಕ್ಟೋಬರ್ 25ಕ್ಕೆ ಆಸ್ಪತ್ರೆ ಹಡಗಿಗೆ ತಂದರು. ಹಡಗಿನ ಹೆಸರು ಗ್ಲೆನಾರ್ಟ್ ಕಾಸಲ್. ಅದೇ ಸಂಜೆ ಹೃದಯ ನಿಂತಿತು. ಟೈಫಾಯ್ಡ್‌ನ ವಿಷ ಹೃದಯದ ಸ್ನಾಯುವಿಗೇ ತಗಲುತ್ತದೆ. ಎರಡು ಮೂರು ವಾರ ಜ್ವರ ಎಳೆದ ಮೇಲೆ ಹೀಗಾಗುವುದನ್ನು ನಾನು ಓದುವ ಕಾಲದಲ್ಲಿ ವಾರ್ಡಿನಲ್ಲಿ ನೋಡಿದ್ದೇನೆ. ರೋಗಿ ಸ್ವಲ್ಪ ಹೊತ್ತು ಶಾಂತವಾಗಿ ಕಾಣುತ್ತಾನೆ. ಮನೆಯವರು ಗುಣವಾಯಿತು ಅಂದುಕೊಳ್ಳುತ್ತಾರೆ.

ಗಲಿಪೊಲಿಯಿಂದ ಹಡಗು ಹತ್ತಿಸಿ ಸಾಗಿಸಿದವರಲ್ಲಿ ಗಾಯಾಳುಗಳಿಗಿಂತ ಕಾಯಿಲೆಯವರೇ ಜಾಸ್ತಿ. ಇದನ್ನು ಸ್ಮಾರಕಗಳ ಮೇಲೆ ಯಾರೂ ಕೆತ್ತುವುದಿಲ್ಲ.

ಹಳೇ ಪೇಪರ್

ಡಾಕ್ಟರಮ್ಮನವರ ಮಾತಿಗೆ ಒಂದು ಸೇರಿಸುತ್ತೇನೆ. ಆ ಹಡಗಿನ ಮೇಟ್ರನ್, ಅಂದರೆ ದಾದಿಯರ ಮುಖ್ಯಸ್ಥೆ, ಫ್ರಾನ್ಸಿಸ್ ರೆಡ್ಡಾಕ್ ಎಂಬಾಕೆ ಅಮೀಲಿಯಾಗೆ ಕಾಗದ ಬರೆದರು. ಹುಡುಗನನ್ನು ಹಾಸಿಗೆಯಲ್ಲಿ ಹಾಯಾಗಿ ಮಲಗಿಸಿದೆವು, ನಿದ್ದೆ ಮಾಡಲು ಅಣಿಯಾದ, ಅಷ್ಟರಲ್ಲೇ ಹೋದ ಎಂಬ ಅರ್ಥದ ಕಾಗದ. ದೇಹವನ್ನು ಸಮುದ್ರಕ್ಕೆ ಒಪ್ಪಿಸಿದರು. ಗೋರಿ ಇಲ್ಲ. ಗಲಿಪೊಲಿಯ ಲೋನ್ ಪೈನ್ ಸ್ಮಾರಕದ ಗೋಡೆಯ ಮೇಲೆ ಹೆಸರಿದೆ. ಗುರುತಿನ ಗೋರಿ ಇಲ್ಲದ, ಸಮುದ್ರದಲ್ಲಿ ಸೇರಿದ ಸುಮಾರು 4,900 ಜನರ ಹೆಸರುಗಳ ನಡುವೆ.

ಆ ಗ್ಲೆನಾರ್ಟ್ ಕಾಸಲ್ ಹಡಗನ್ನೂ ಜರ್ಮನಿಯ ಜಲಾಂತರ್ಗಾಮಿ 1918ರ ಫೆಬ್ರವರಿ 26ರಂದು ಬ್ರಿಸ್ಟಲ್ ಕಾಲುವೆಯಲ್ಲಿ ಮುಳುಗಿಸಿತು. ಆಸ್ಪತ್ರೆ ಹಡಗು ಅಂತ ದೀಪ ಹಚ್ಚಿಕೊಂಡು ಹೋಗುತ್ತಿದ್ದಾಗಲೇ.

ಖಾರಾಬೂಂದಿ

ಸರಿ, ಬಾರಿಸುವ ಮಾತು ವಾಪಸ್ ತಗೊಂಡೆ. ಆದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಆಸ್ಟ್ರೇಲಿಯಾಗೂ ತುರ್ಕಿಗೂ ಏನು ಜಗಳ? ಲಂಡನ್ನಿನಲ್ಲಿ ಕೂತವರು ನಕ್ಷೆ ಮೇಲೆ ಗೆರೆ ಎಳೆದರು, ಹಾಥಾರ್ನ್‌ನ ಹುಡುಗ ಹೋಗಿ ಬೇರೆಯವರ ಊರಿನ ಗುಡ್ಡದಲ್ಲಿ ಕೂತ. ತುರ್ಕಿಯ ಕಡೆ 80,000ಕ್ಕೂ ಹೆಚ್ಚು ಜನ ಸತ್ತರು, ಅವರು ತಮ್ಮ ಮನೆ ಬಾಗಿಲಲ್ಲೇ ಸತ್ತವರು. ಆಸ್ಟ್ರೇಲಿಯಾದವರು 8,000ಕ್ಕೂ ಮೇಲೆ. ಎಂಟು ತಿಂಗಳು ಒದ್ದಾಡಿ ಡಿಸೆಂಬರ್‌ನಲ್ಲಿ ರಾತ್ರಿ ಹೊತ್ತು ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಇದನ್ನು ವರ್ಷಾ ವರ್ಷ ಹಬ್ಬ ಮಾಡುವುದು ಯಾಕೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಯಾರಾ ದಂಡೆ

ಹಬ್ಬ ಅಲ್ಲ ಸಾರ್. ನಾನೂ ಬಂದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ. ಏಪ್ರಿಲ್ 25ರ ಬೆಳಗಿನ ಜಾವ ಇನ್ನೂ ಕತ್ತಲಿರುವಾಗ ಇಲ್ಲಿನ ಶ್ರೈನ್ ಆಫ್ ರಿಮೆಂಬ್ರೆನ್ಸ್ ಎಂಬ ಯುದ್ಧ ಸ್ಮಾರಕದ ಎದುರು ಸಾವಿರಾರು ಜನ ಸೇರುತ್ತಾರೆ. ಮಾತೇ ಇಲ್ಲ. ಬ್ಯೂಗಲ್ ಊದುತ್ತಾರೆ, ಒಂದು ನಿಮಿಷ ಮೌನ, ಆಮೇಲೆ ಚಳಿಯಲ್ಲಿ ಕಾಫಿ ಕುಡಿದು ಮನೆಗೆ. ನಮ್ಮಲ್ಲಿ ತಿಥಿ ಮಾಡುವ ಹಾಗೆ. ಗೆದ್ದದ್ದಕ್ಕೆ ಅಲ್ಲ.

ಅದೇ ಕಟ್ಟಡದಲ್ಲಿ ಒಂದು ಕಲ್ಲಿದೆ. ನವೆಂಬರ್ 11ರ ಬೆಳಗ್ಗೆ 11 ಗಂಟೆಗೆ ಮಾಡಿನ ಕಿಂಡಿಯಿಂದ ಬಿಸಿಲಿನ ಕೋಲು ಬಂದು ಕಲ್ಲಿನ ಮೇಲಿನ ‘ಪ್ರೀತಿ’ ಎಂಬ ಪದದ ಮೇಲೆ ಬೀಳುವಂತೆ ಕಟ್ಟಿದ್ದಾರೆ. ಈಗ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ಲೆಕ್ಕ ತಪ್ಪುತ್ತದೆ, ಅದಕ್ಕೆ ಕನ್ನಡಿ ಇಟ್ಟು ಬೆಳಕು ತರುತ್ತಾರೆ. ನನ್ನ ಮಗನಿಗೆ ಇಡೀ ಜಾಗದಲ್ಲಿ ಇಷ್ಟವಾದದ್ದು ಆ ಕನ್ನಡಿ ಮಾತ್ರ. ವಯಸ್ಸು ಹಾಗೆ.

ನಿಮ್ಮ ಪ್ರಶ್ನೆ ಆಗಿನ ಆಸ್ಟ್ರೇಲಿಯಾದವರಿಗೂ ಇತ್ತು. ಅಲ್ಲಿಂದ ಯುದ್ಧಕ್ಕೆ ಹೋದವರೆಲ್ಲ ತಾವಾಗಿ ಸೇರಿದವರು. ಕಡ್ಡಾಯ ಮಾಡಬೇಕೇ ಎಂದು ಸರ್ಕಾರ 1916ರಲ್ಲೂ 1917ರಲ್ಲೂ ಜನರನ್ನೇ ಕೇಳಿತು. ಎರಡು ಸಲವೂ ಜನ ಬೇಡ ಅಂದರು. ಜನಸಂಖ್ಯೆ 50 ಲಕ್ಷಕ್ಕಿಂತ ಕಡಿಮೆ ಇದ್ದ ದೇಶ, 4 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು, ಸುಮಾರು 60,000 ಜನ ವಾಪಸ್ ಬರಲಿಲ್ಲ.

ಕಾವೇರಿ ಕಾಲುವೆ

ನಮ್ಮವರು ಯಾರಾದರೂ ಅಲ್ಲಿದ್ದರಾ? ಭಾರತದವರು?

ಮಡಿಕೇರಿ ಸುಬೇದಾರ್

ಇದ್ದರು. ಗಲಿಪೊಲಿಯಲ್ಲಿ ಸುಮಾರು 16,000 ಭಾರತೀಯರು. ಸಿಖ್ಖರು, ಗೂರ್ಖರು, ಪಂಜಾಬಿ ಮುಸಲ್ಮಾನರು. ಏಪ್ರಿಲ್ 25ರಂದು ಆನ್ಜಾಕ್ ದಡದಲ್ಲಿ ಮೊದಲು ಇಳಿದ ತೋಪುಗಳು ನಮ್ಮ ಪರ್ವತ ಬ್ಯಾಟರಿಯವು, ಅಂದರೆ ಗುಡ್ಡಗಾಡಿನ ತೋಪಿನ ದಳದವು. ಬಿಚ್ಚಿ ಹೇಸರಗತ್ತೆಗಳ ಮೇಲೆ ಹೊರಿಸುವ ತೋಪು.

ಇನ್ನೊಂದು ಕೆಲಸ, ಅದನ್ನು ಯಾರೂ ನೆನೆಯುವುದಿಲ್ಲ. ಭಾರತದ ಹೇಸರಗತ್ತೆ ದಳದವರು ರಾತ್ರಿಯೆಲ್ಲ ಗುಡ್ಡ ಹತ್ತಿ ನೀರು, ರೊಟ್ಟಿ, ಗುಂಡು ಮೇಲಕ್ಕೆ ಸಾಗಿಸುತ್ತಿದ್ದರು. ಆ ಗುಡ್ಡದ ಮೇಲಿದ್ದ ಸಿಪಾಯಿಗಳು ಕುಡಿದ ನೀರಿನ ಹಿಂದೆ ಅವರ ಬೆವರಿದೆ. ಆಸ್ಟ್ರೇಲಿಯಾದಲ್ಲಿ ಕತ್ತೆಯ ಮೇಲೆ ಗಾಯಾಳುಗಳನ್ನು ಹೊತ್ತು ತರುತ್ತಿದ್ದ ಸಿಂಪ್ಸನ್ ಎಂಬಾತ ತುಂಬಾ ಹೆಸರುವಾಸಿ. ಅವನು ಬಿಡಾರ ಹೂಡಿದ್ದು ನಮ್ಮ ಬ್ಯಾಟರಿಯವರ ಜೊತೆ. ನಮ್ಮವರು ಅವನನ್ನು ಬಹಾದೂರ್ ಎಂದು ಕರೆಯುತ್ತಿದ್ದರು.

ಹಳೇ ಪೇಪರ್

ಕನ್ನಡನಾಡಿನ ನಂಟು ಗಲಿಪೊಲಿಯಲ್ಲಿ ಅಲ್ಲ, ಮೂರು ವರ್ಷ ಆಮೇಲೆ ಪ್ಯಾಲೆಸ್ಟೈನಿನಲ್ಲಿ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಹಿಡಿದ ಕುದುರೆ ಸವಾರರಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು, ಜೋಧಪುರದವರ ಜೊತೆ. ಅವರಿದ್ದ ಡೆಸರ್ಟ್ ಮೌಂಟೆಡ್ ಕೋರ್ ಎಂಬ ಸವಾರ ಪಡೆಯ ಮುಖ್ಯಸ್ಥ ಹ್ಯಾರಿ ಶೋವೆಲ್, ಆಸ್ಟ್ರೇಲಿಯಾದವನು. ಅವನೂ 1915ರಲ್ಲಿ ಗಲಿಪೊಲಿಯ ಅದೇ ಗುಡ್ಡಗಳಲ್ಲಿ ದಂಡು ನಡೆಸಿದ್ದವನು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಅದರ ಮುಂದೆ ದಿನಾ ಬಸ್ಸಲ್ಲಿ ಹೋಗುವವರಿಗೇ ಅದು ಏನು ಅಂತ ತಿಳಿದಿರುವುದಿಲ್ಲ.

ಯಾರಾ ದಂಡೆ

ಈ ಎಳೆ ಬೇರೆ ಚರ್ಚೆ ಆಗುವಷ್ಟು ದೊಡ್ಡದು, ದಯವಿಟ್ಟು ಯಾರಾದರೂ ಶುರು ಮಾಡಿ. ನಾನು ಹುಡುಗನ ಹತ್ತಿರ ವಾಪಸ್ ಬರುತ್ತೇನೆ, ಯಾಕಂದರೆ ಪ್ರಾಜೆಕ್ಟಿಗೆ ಇನ್ನು ನಾಲ್ಕೇ ದಿನ!

ಮಧ್ಯದ ಭಾಗ ನಾನು ಹೇಳಲೇ ಇಲ್ಲ. ಬ್ರಾಡ್‌ಮೆಡೋಸ್ ಮತ್ತು ಸೀಮರ್ ಶಿಬಿರಗಳಲ್ಲಿ ತರಬೇತಿ. ಜೂನ್ 28ಕ್ಕೆ ಬೆರಿಮಾ ಎಂಬ ಹಡಗಿನಲ್ಲಿ ಮೆಲ್ಬರ್ನ್ ಬಿಟ್ಟ. ಈಜಿಪ್ಟಿನಲ್ಲಿ ಸ್ವಲ್ಪ ದಿನ. ಅಲ್ಲಿಂದ ಸೌತ್‌ಲ್ಯಾಂಡ್ ಎಂಬ ಹಡಗು ಹತ್ತಿ ಲೆಮ್ನೋಸ್ ದ್ವೀಪದ ಕಡೆಗೆ. ಸೆಪ್ಟೆಂಬರ್ 2ರ ಬೆಳಗ್ಗೆ ಜರ್ಮನಿಯ ಜಲಾಂತರ್ಗಾಮಿ ಟಾರ್ಪಿಡೊ ಹೊಡೆಯಿತು. ಸುಮಾರು 40 ಜನ ಸತ್ತರು. 6ನೇ ಬ್ರಿಗೇಡಿನ ಮುಖ್ಯಸ್ಥ ಕರ್ನಲ್ ಲಿಂಟನ್ ಕೂಡ ಅದರಲ್ಲಿ ಹೋದರು. ನಮ್ಮ ಹುಡುಗ ನಾಲ್ಕು ಗಂಟೆ ಸಮುದ್ರದ ನೀರಲ್ಲಿದ್ದ. ಹಡಗು ಪೂರ್ತಿ ಮುಳುಗಲಿಲ್ಲ, ಹೇಗೋ ದಡ ಸೇರಿಸಿದರು.

ನಾಲ್ಕು ಗಂಟೆ ನೀರಲ್ಲಿದ್ದವನು ಆರನೇ ದಿನಕ್ಕೆ, ಸೆಪ್ಟೆಂಬರ್ 8ಕ್ಕೆ, ಗಲಿಪೊಲಿಯಲ್ಲಿ ಇಳಿದ. ಅಲ್ಲಾದರೂ ‘ನನಗೆ ಹದಿನಾಲ್ಕು, ಮನೆಗೆ ಕಳಿಸಿ’ ಅಂದಿದ್ದರೆ ಕಳಿಸುತ್ತಿದ್ದರು. ಬಾಯಿ ಬಿಡಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲೇ.

ಮಡಿಕೇರಿ ಸುಬೇದಾರ್

ಬಿಡಲ್ಲ. ಆ ವಯಸ್ಸಿನವನು ಬಿಡಲ್ಲ. ಒಂದು ಹಡಗಿನಲ್ಲಿ ಜೊತೆಗೆ ಬದುಕಿ ಉಳಿದವರನ್ನು ಬಿಟ್ಟು ಹೋಗುವುದು ಅಂದರೆ ನಾಚಿಕೆ. ದೇಶ, ರಾಜ ಅದೆಲ್ಲ ಅಷ್ಟು ದೂರ ಬರುವುದಿಲ್ಲ. ಪಕ್ಕದಲ್ಲಿ ನಿಂತವನು ಬರುತ್ತಾನೆ.

ಅವನ ಬೆಟಾಲಿಯನ್ ಇದ್ದದ್ದು ಕೋರ್ಟ್ನೀಸ್ ಪೋಸ್ಟ್ ಎಂಬ ಜಾಗದಲ್ಲಿ. ಕಣಿವೆಯ ಅಂಚಿನ ಮೇಲೆ. ಹಿಂದೆ ಬಿದ್ದರೆ ಪ್ರಪಾತ, ಮುಂದೆ ತಲೆ ಎತ್ತಿದರೆ ಗುಂಡು. ತಲೆ ಎತ್ತದೆ ಗುರಿ ಇಡಲು ಕನ್ನಡಿ ಕಟ್ಟಿದ ಬಂದೂಕನ್ನು ಗಲಿಪೊಲಿಯಲ್ಲೇ ಒಬ್ಬ ಆಸ್ಟ್ರೇಲಿಯನ್ ಲಾನ್ಸ್ ಕಾರ್ಪೊರಲ್ ಮೇ ತಿಂಗಳಲ್ಲಿ ಮಾಡಿದ್ದ. ವಿಲಿಯಂ ಬೀಚ್ ಎಂದು ಹೆಸರು. ಜಾಮಿನ ಡಬ್ಬಿಯಲ್ಲಿ ಮದ್ದು ತುಂಬಿ ಬಾಂಬು ಮಾಡುತ್ತಿದ್ದರು.

ಸಿನಿಮಾದಲ್ಲಿ ನೋಡುವ ಹಾಗೆ ದಿನಾ ನುಗ್ಗುವುದು ಇರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ದೊಡ್ಡ ದಾಳಿಗಳು ಮುಗಿದಿದ್ದವು. ಉಳಿದದ್ದು ಕಾವಲು, ಅಗೆತ, ನೀರಿನ ತಗಡು ಹೊರುವುದು, ಮತ್ತೆ ಕಾವಲು. ನಿದ್ದೆ ಇಲ್ಲ. ಇದು ಬೇರೆ ಥರ ಕೊಲ್ಲುತ್ತದೆ.

ಹಳೇ ಪೇಪರ್

ಇದೇ ವಯಸ್ಸಿನ ಇನ್ನೊಬ್ಬನನ್ನು ಪಕ್ಕಕ್ಕಿಟ್ಟು ನೋಡಿ. ಅಲೆಕ್ ಕ್ಯಾಂಬೆಲ್, ಟಾಸ್ಮೇನಿಯಾದವನು. ಹುಟ್ಟಿದ್ದು 1899ರ ಫೆಬ್ರವರಿ 26. ಜಿಮ್‌ಗಿಂತ ಎರಡು ವರ್ಷವೂ ದೊಡ್ಡವನಲ್ಲ. ಅವನೂ ವಯಸ್ಸು ಸುಳ್ಳು ಹೇಳಿ 16ಕ್ಕೆ ಸೇರಿದ. 15ನೇ ಬೆಟಾಲಿಯನ್. ಜೊತೆಯವರು ‘ದ ಕಿಡ್’ ಅಂದರೆ ಚಿಕ್ಕ ಹುಡುಗ ಅಂತಲೇ ಕರೆಯುತ್ತಿದ್ದರು. ನವೆಂಬರ್‌ನಲ್ಲಿ ಗಲಿಪೊಲಿಗೆ ಬಂದು ನೀರು ಹೊತ್ತ. ಕಾಯಿಲೆ ಬಿದ್ದ. ಅವನನ್ನು ಊರಿಗೆ ಕಳಿಸಿದರು.

ಆಮೇಲೆ ಅವನು ಬಡಗಿಯಾದ, ಕಾರ್ಮಿಕ ಸಂಘದ ಮುಖಂಡನಾದ, ಸಿಡ್ನಿಯಿಂದ ಹೋಬಾರ್ಟ್‌ಗೆ ಹಾಯಿದೋಣಿ ಪಂದ್ಯಗಳಲ್ಲಿ ಹೋದ, ನಡುವಯಸ್ಸಿನಲ್ಲಿ ಅರ್ಥಶಾಸ್ತ್ರ ಓದಿ ಪದವಿ ಪಡೆದ. 2002ರ ಮೇ 16ಕ್ಕೆ ತೀರಿಕೊಂಡಾಗ 103 ವರ್ಷ. ಗಲಿಪೊಲಿಗೆ ಹೋಗಿದ್ದ ಆನ್ಜಾಕ್‌ಗಳಲ್ಲಿ ಕೊನೆಯವನು. ಇಬ್ಬರಿಗೂ ಬಂದದ್ದು ಕಾಯಿಲೆಯೇ. ಒಬ್ಬನಿಗೆ ಮುಂದೆ 87 ವರ್ಷ ಸಿಕ್ಕಿತು, ಇನ್ನೊಬ್ಬನಿಗೆ ಹಡಗಿನ ಹಾಸಿಗೆಯ ಮೇಲೆ ಒಂದು ಸಂಜೆ.

ದಾವಣಗೆರೆ ಡಾಕ್ಟರಮ್ಮ

ಒಂದು ವಾರ ಮೊದಲು ಕೆಳಗೆ ತಂದಿದ್ದರೆ ಜಿಮ್‌ಗೂ ಸಿಗಬಹುದಿತ್ತು. ಟೈಫಾಯ್ಡ್‌ನಲ್ಲಿ ಮಲಗಿಸುವುದೇ ಅರ್ಧ ಚಿಕಿತ್ಸೆ. ನಮ್ಮ ಅಜ್ಜಿಯರಿಗೂ ಗೊತ್ತಿತ್ತು ಇದು.

ಸುಮ್ನೆ ಓದುಗ

ಆನ್ಜಾಕ್ ಅಂದರೆ ಏನು ಅಂತ ಯಾರೂ ಹೇಳಲಿಲ್ಲ. ಬಿಸ್ಕತ್ತಿನ ಹೆಸರು ಅಂದುಕೊಂಡಿದ್ದೆ.

ಯಾರಾ ದಂಡೆ

ಬಿಸ್ಕತ್ತೂ ಇದೆ! ಓಟ್ಸ್, ತೆಂಗಿನ ತುರಿ, ಬೆಣ್ಣೆ, ಗೋಲ್ಡನ್ ಸಿರಪ್. ಮೊಟ್ಟೆ ಹಾಕುವುದಿಲ್ಲ, ಹಾಗಾಗಿ ನಮ್ಮ ಅಮ್ಮ ಬಂದಾಗ ಧೈರ್ಯವಾಗಿ ತಿಂದದ್ದು ಅದೊಂದೇ. ಆನ್ಜಾಕ್ ಅಂದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಸೇನಾ ದಳ, ಅದರ ಮೊದಲ ಅಕ್ಷರಗಳು. ಜಿಮ್‌ನ ಅಪ್ಪ ನ್ಯೂಜಿಲೆಂಡಿನಲ್ಲಿ ಹುಟ್ಟಿದವರು, ಅಮ್ಮ ಇಲ್ಲಿಯ ಬೆಂಡಿಗೋದವಳು. ಆ ಹೆಸರು ಅವರ ಮನೆಯಲ್ಲೇ ಇತ್ತು ಅನ್ನಿ.

ಮೂರು ಮಕ್ಕಳ ತಾಯಿ

@ಯಾರಾ ದಂಡೆ, ಪ್ರಾಜೆಕ್ಟ್ ಆಯಿತಾ? ಮಗ ಕೊನೆಗೆ ಏನು ಬರೆದ? ನಿಮ್ಮ ಕಡೆಗೋ, ಅವರಮ್ಮನ ಕಡೆಗೋ?

ಯಾರಾ ದಂಡೆ

ಯಾರ ಕಡೆಗೂ ಇಲ್ಲ ಮೇಡಂ. ನಮ್ಮ ಜಗಳದ ಸುದ್ದಿಯೇ ಅದರಲ್ಲಿಲ್ಲ. ಅವನು ಹಿಡಿದುಕೊಂಡದ್ದು ಆ 70 ಗಜವನ್ನು. ‘ಅಪ್ಪಾ, ಕ್ರಿಕೆಟ್ ಪಿಚ್ 22 ಗಜ ಅಲ್ವಾ’ ಎಂದು ಶನಿವಾರ ಬೆಳಗ್ಗೆ ಎಬ್ಬಿಸಿ ಮೈದಾನಕ್ಕೆ ಎಳೆದುಕೊಂಡು ಹೋದ. ಟೇಪು ಹಿಡಿದು ಅಳೆದೆವು. ಮೂರು ಪಿಚ್, ಅದರ ಮೇಲೆ ನಾಲ್ಕು ಗಜ. ನಾನು ಈ ತುದಿ, ಅವನು ಆ ತುದಿ. ಬೆಳಗಿನ ಹೊತ್ತು, ಯಾರೂ ಇರಲಿಲ್ಲ.

ಅಷ್ಟು ದೂರದಿಂದ ಅವನ ಟೀ ಶರ್ಟಿನ ಮೇಲಿನ ಬರಹ ಓದಲು ಆಗಲಿಲ್ಲ. ಆದರೆ ಮುಖ ಕಾಣುತ್ತಿತ್ತು, ನಗುತ್ತಿದ್ದಾನೆ ಅಂತ ಗೊತ್ತಾಗುತ್ತಿತ್ತು. ‘ಕೇಳ್ತಿದೆಯಾ ಅಪ್ಪಾ?’ ಎಂದ. ಕೂಗಲಿಲ್ಲ, ಸ್ವಲ್ಪ ಗಟ್ಟಿಯಾಗಿ ಅಂದ ಅಷ್ಟೇ. ಕೇಳಿಸಿತು. ಅವನು ಬರೆದ ಕೊನೆಯ ಪುಟ ಅದೇ.

ಮಡಿಕೇರಿ ಸುಬೇದಾರ್

ಗಾಳಿ ಯಾವ ಕಡೆಗಿತ್ತು?

ಯಾರಾ ದಂಡೆ

ನನ್ನ ಕಡೆಗೆ.